ಕಾಲಿಲ್ಲದ್ದೆಲ್ಲಾ ಹಾವಲ್ಲ ಮೇಷ್ಟ್ರೇ!



ಮೊನ್ನೆ ಪೇಪರ್ ತಿದ್ದುವಾಗ ಒಂದು ಸಣ್ಣ ಜಗಳವಾಯ್ತು. 'ಎಲ್ಲಾ ಉಭಯಚರಗಳಿಗೂ ನಾಲ್ಕು ಕಾಲಿರುತ್ತವೆ - ಸರಿಯೋ ತಪ್ಪೋ?' ಒಬ್ಬ ಹುಡುಗಿ 'ತಪ್ಪು' ಎಂದು ಬರೆದಿದ್ದಳು. ಪಕ್ಕದ ಮೇಷ್ಟ್ರು ಸೊನ್ನೆ ಸುತ್ತಿದರು. ಅಂಕ ಕೊಡಿ ಅಂದೆ. "ಕನ್ನಡ ಮೀಡಿಯಂ ಹುಡುಗ್ರಿಗೆ ಇಷ್ಟೇ ಸಾಕು ಬಿಡ್ರಿ ಸಾರ್" ಅಂದರು.

ಸಾಕೇ? ಹುಡುಗಿ ಬರೆದದ್ದೇ ಸರಿ. ಉಭಯಚರಗಳಲ್ಲಿ ಕಪ್ಪೆ, ಸಾಲಮ್ಯಾಂಡರ್ ಬಿಟ್ಟರೆ ಸಿಸಿಲಿಯನ್ ಎಂಬ ಮೂರನೇ ಗುಂಪಿದೆ. ಕಾಲೇ ಇಲ್ಲ. ದಪ್ಪ ಎರೆಹುಳದ ಹಾಗೆ ಮೈತುಂಬಾ ಉಂಗುರ, ಲೋಳೆ ಚರ್ಮ, ಚರ್ಮದಡಿ ಮುಚ್ಚಿದ ಕಣ್ಣು. ಗಟ್ಟಿ ತಲೆಬುರುಡೆಯಿಂದ ಹಸಿಮಣ್ಣು ಕೊರೆದು ಎರೆಹುಳ, ಗೆದ್ದಲು ತಿನ್ನುತ್ತದೆ. ಕಣ್ಣಿಗೂ ಮೂಗಿಗೂ ನಡುವೆ ಒಂದು ಪುಟ್ಟ ಮೀಸೆ, ಅದರಿಂದಲೇ ವಾಸನೆ ಹಿಡಿಯುತ್ತದೆ. ಕೆಲವು ಜಾತಿಗಳಲ್ಲಿ ಮರಿಗಳು ತಾಯಿಯ ಚರ್ಮದ ಮೇಲ್ಪದರವನ್ನೇ ಕೆರೆದು ತಿಂದು ಬೆಳೆಯುತ್ತವೆ! ನಾನಿದನ್ನು ಹೇಳಿದ ದಿನ ಕ್ಲಾಸಿನಲ್ಲಿ ಯಾರೂ ಗಲಾಟೆ ಮಾಡಲಿಲ್ಲ...

ಹಾವೆಂದು ಹೊಡೆದು ಸಾಯಿಸುವುದು ಇದರ ಹಣೆಬರಹ. ಮನುಷ್ಯನಿಗೆ ಇದರಿಂದ ಏನೂ ಅಪಾಯವಿಲ್ಲ. ನಮ್ಮ ಹುಡುಗರೂ ಮಣ್ಣುಮುಕ್ಕ ಹಾವು ಕಂಡರೆ ಬಡಿಗೆ ಹಿಡಿಯುವವರೇ. 'ಕಾಲಿಲ್ಲದ್ದು ಹಾವು, ಹಾವು ವಿಷ' ಎಂದು ಕಲಿಸಿದವರು ನಾವು ತಾನೇ? ನಾನೂ ಹದಿನೈದು ವರ್ಷ 'ನಾಲ್ಕು ಕಾಲು' ಎಂದೇ ಬಾಯಿಪಾಠ ಮಾಡಿಸಿದವನು, ಒಪ್ಪುತ್ತೇನೆ.

"ನಾಗಲದಿನ್ನೆಯ ಎರೆಹೊಲದಲ್ಲಿ ಅದೆಲ್ಲಿದೆ ಸಾರ್?" ಎಂಬುದು ಮುಂದಿನ ವಾದ. ಪೆಂಗ್ವಿನ್ ಎಲ್ಲಿದೆ? ಕಾಂಗರೂ ಎಲ್ಲಿದೆ? ಅವನ್ನು ಚಿತ್ರ ಬರೆಸಿ ಕಲಿಸುತ್ತೇವೆ. ಇದಾದರೋ ನಮ್ಮದೇ. 2007ರಲ್ಲಿ ಕೊಡಗಿನ ಹೆಸರಲ್ಲೇ ಇಕ್ತಿಯೋಫಿಸ್ ಕೊಡಗುಯೆನ್ಸಿಸ್ ಎಂಬ ಹೊಸ ಜಾತಿ ಸೇರಿತು. 2015ರಲ್ಲಿ ಕಾಸರಗೋಡಿನದು, ಅಲ್ಲಿನ ನದಿಯ ಹೆಸರಲ್ಲಿ ಗೆಜೆನಿಯೋಫಿಸ್ ತೇಜಸ್ವಿನಿ. ಅಲ್ಲೂ ನಮ್ಮಂತೆ ಗಡಿಯಾಚೆಯ ಕನ್ನಡ ಶಾಲೆಗಳಿವೆ. ನಮ್ಮ ಆಂಧ್ರವೇನೂ ಹೊರಗಲ್ಲ, 2013ರಲ್ಲಿ ಒಡಿಶಾ ಮತ್ತು ಆಂಧ್ರದ ಪೂರ್ವಘಟ್ಟದಿಂದಲೂ ಒಂದು ಹೊಸ ಜಾತಿ ವರದಿಯಾಗಿದೆ.

ಪುಸ್ತಕ ಬದಲಾಗುವವರೆಗೆ ಕಾಯಬೇಕೆ? ಬೋರ್ಡಿನ ಮೇಲೆ 'ಹೆಚ್ಚಿನವಕ್ಕೆ' ಎಂಬ ಒಂದು ಪದ ಸೇರಿಸಲು ಯಾರ ಅಪ್ಪಣೆಯೂ ಬೇಡ. ಸೀಮೆಸುಣ್ಣ ಸಾಕು.

ಆ ಹುಡುಗಿಯ ಪೇಪರ್ ಇನ್ನೂ ನನ್ನ ಹತ್ತಿರವೇ ಇದೆ. ಸೋಮವಾರ ಹೆಡ್‌ಮಾಸ್ಟ್ರ ಮುಂದೆ ಇಡುತ್ತೇನೆ. ಒಂದೇ ಅಂಕ, ಆದರೂ ಬಿಡುವುದಿಲ್ಲ.