ಹೃದಯದ ಮುಚ್ಚಳ, ಅಡಿಗೆಮನೆಯ ಸೊಪ್ಪು

ಸೋದರಿಯರೇ, ನಮ್ಮ ಲಿಂಗರಾಜಪುರದ ಪಕ್ಕದ ಮನೆ ಸೊಸೆಗೆ ಹೃದಯದ ಮೇಲುಕೋಣೆಗಳ ನಡುವೆ ತೂತಿತ್ತು. ಜಯದೇವ ಆಸ್ಪತ್ರೆಯಲ್ಲಿ ಎದೆ ಕೊಯ್ಯದೆ, ತೊಡೆಯ ರಕ್ತನಾಳದ ಮೂಲಕವೇ ಮುಚ್ಚಿದರು. ತಿಂಗಳಾಗುತ್ತಲೇ ಅತ್ತೆಯವರ ವರಾತ: "ಹುಷಾರಾಗಿದ್ದಾಳಲ್ಲ, ಇನ್ಯಾಕ್ರೀ ಮಾತ್ರೆ?"

ಯಾಕೆಂದರೆ ಆ ಮುಚ್ಚಳ ನಿಕಲ್-ಟೈಟಾನಿಯಂ ತಂತಿಯ ಜಾಲರಿ. ಅದರ ಮೇಲೆ ನಮ್ಮದೇ ಮೈಯ ಪೊರೆ ಹಬ್ಬಲು ಸುಮಾರು 6 ತಿಂಗಳು ಬೇಕು. ಅಲ್ಲಿಯತನಕ ಅದರ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಅಪರೂಪವೇ, ಆದರೆ ಚೂರು ಕಿತ್ತು ಮಿದುಳಿಗೆ ಹೋದರೆ ಲಕ್ವ. ಅದಕ್ಕೇ ಆಸ್ಪಿರಿನ್, ನಿಲ್ಲಿಸೋದು ವೈದ್ಯರು ಹೇಳಿದಾಗಲೇ. ಹೆಪ್ಪು ಸದ್ದಿಲ್ಲದೆ ಕೂತಿರುತ್ತೆ, ಎಕೋ ಪರೀಕ್ಷೆಯಲ್ಲೇ ಸಿಗೋದು.

ಕಂಡರೂ ಗಾಬರಿ ಬೀಳಬೇಡಿ. ಹೆಪಾರಿನ್, ವಾರ್ಫರಿನ್ ಕೊಟ್ಟರೆ ಸಾಮಾನ್ಯವಾಗಿ ಕರಗುತ್ತೆ. ಕರಗದಿದ್ದರೆ ಆಪರೇಷನ್ ಮಾತು. ವಾರ್ಫರಿನ್ ಬಂತೆಂದರೆ ನಮ್ಮ ಅಡಿಗೆಮನೆಗೂ ಕೆಲಸ ಬಂತು. ಸೊಪ್ಪಿನಲ್ಲಿರುವ 'ಕೆ' ಜೀವಸತ್ವ ಆ ಮಾತ್ರೆಯ ಬಲ ತಗ್ಗಿಸುತ್ತೆ. ಹಾಗಂತ ಸೊಪ್ಪು ಬಿಡಬೇಕಿಲ್ಲ ಕಣ್ರೀ! ಒಂದು ವಾರ ದಿನಾ ಮಸ್ಸೊಪ್ಪು, ಇನ್ನೊಂದು ವಾರ ಬರೀ ತಿಳಿಸಾರು ಅಂತ ಮಾಡದೆ ಒಂದೇ ಅಳತೆ ಇಡಿ. ಐಎನ್‌ಆರ್ ರಕ್ತಪರೀಕ್ಷೆ ತಪ್ಪಿಸಬೇಡಿ. ಮೈಕೈ ನೋವೆಂದು ಅಂಗಡಿ ಮಾತ್ರೆ ನುಂಗಬೇಡಿ. ಮಲ ಕಪ್ಪಾದರೆ, ವಸಡಿನ ರಕ್ತ ನಿಲ್ಲದಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮನೆಮದ್ದು ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ.