ಏಳು ಗಂಟೆಯ ಸೈರನ್

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರ ಆಗಸ್ಟ್‌ನಲ್ಲಿ ಹೊಸದೊಂದು ಪದ್ಧತಿ ಶುರುವಾಯಿತು. ಸಂಜೆ 7ಕ್ಕೆ ದೇವಸ್ಥಾನದ ಸೈರನ್ ಕೂಗಿದರೆ ಮನೆಮನೆಯಲ್ಲೂ ಟಿವಿ, ಮೊಬೈಲ್ ಬಂದ್. 8.30ಕ್ಕೆ ಇನ್ನೊಂದು ಸೈರನ್. ನಡುವಿನ ಒಂದೂವರೆ ಗಂಟೆ ಮಕ್ಕಳ ಓದಿಗೆ, ಮನೆಮಂದಿಯ ಮಾತುಕತೆಗೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನು ಶಾಲೆ ತೆರೆದ ಮೇಲೂ ಕೈಬಿಟ್ಟಿರಲಿಲ್ಲ. ಊರಿನ ಚಿಂತೆ ಹುಟ್ಟಿದ್ದೇ ಅಲ್ಲಿಂದ. ಗ್ರಾಮಸಭೆಯ ತೀರ್ಮಾನವೊಂದೇ ಸಾಲಲಿಲ್ಲ. ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ತಿಳಿಹೇಳಬೇಕಾಯಿತು. ಈಚೆಗೆ ನಮ್ಮ ಬೆಳಗಾವಿ ಬಳಿಯ ಹಲಗಾ ಗ್ರಾಮವೂ ಇದೇ ದಾರಿ ಹಿಡಿದಿದೆ.

ಈ ಪದ್ಧತಿಯ ಬಲವಿರುವುದು ಎಲ್ಲರೂ ಒಟ್ಟಿಗೆ ಪಾಲಿಸುವುದರಲ್ಲಿ. ಮನೆಯಲ್ಲಿ ಒಬ್ಬರು ಫೋನ್ ಪಕ್ಕಕ್ಕಿಟ್ಟು ಕೂತರೂ ಮಾತಿಗೆ ಜೊತೆ ಬೇಕಲ್ಲ! ಎದುರಿನವರ ಕಣ್ಣು ಪರದೆ ಮೇಲಿದ್ದರೆ, ಸ್ವಲ್ಪ ಹೊತ್ತಿಗೆ ಇವರ ಕೈಯೂ ಫೋನಿನತ್ತ ಹೋಗುತ್ತದೆ. ಎದುರಿಗಿದ್ದವರಿಗೆ ಗಮನ ಕೊಡುವುದು ಒಬ್ಬೊಬ್ಬರ ಮನೋನಿಗ್ರಹದ ಪ್ರಶ್ನೆ ಎಂಬಂತೆ ಉಪದೇಶಗಳು ನಡೆಯುತ್ತಲೇ ಇವೆ. ಆದರೆ ಅದು ಜೊತೆಗಿರುವವರೆಲ್ಲ ಸೇರಿ ಮಾಡಿಕೊಳ್ಳಬೇಕಾದ ಕರಾರು.

ಗಮನ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಒಬ್ಬರು. 1970ರ ದಶಕದ ಅವರ ಪ್ರಯೋಗದಲ್ಲಿ ತಾಯಿ ಮೊದಲು ಮಗುವಿನೊಂದಿಗೆ ನಗುತ್ತ ಆಡುತ್ತಾಳೆ. ಆಮೇಲೆ ಕೆಲವು ನಿಮಿಷ ಯಾವ ಭಾವವೂ ಇಲ್ಲದ ಮುಖ ಹೊತ್ತು ಸುಮ್ಮನೆ ಕೂರುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ಬೆರಳು ತೋರಿಸುತ್ತದೆ, ಕಿರುಚುತ್ತದೆ. ಯಾವುದಕ್ಕೂ ಉತ್ತರ ಸಿಗದಿದ್ದಾಗ ಮುಖ ತಿರುಗಿಸಿಕೊಳ್ಳುತ್ತದೆ. ತಾಯಿ ಎದುರಿಗೇ ಇದ್ದಾಳೆ, ಆದರೂ ಇಲ್ಲ. ಈಚಿನ ಸಂಶೋಧಕರು ತಾಯಿಯ ಕೈಗೆ ಮೊಬೈಲ್ ಕೊಟ್ಟು ಇದೇ ಪ್ರಯೋಗವನ್ನು ಮಾಡಿ ನೋಡಿದಾಗಲೂ ಕೂಸುಗಳ ಕಳವಳ ಎದ್ದುಕಂಡಿತು. ಮಕ್ಕಳ ಫೋನ್ ಚಟದ ಬಗ್ಗೆ ಇಷ್ಟೊಂದು ಮಾತನಾಡುವ ಹಿರಿಯರು ತಮ್ಮ ಕೈಯಲ್ಲಿರುವ ಫೋನನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಚಟ ಕೈಮೀರಿದವರಿಗೆ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಕ್ಲಿನಿಕ್ ತೆರೆದಿದೆ. ಉಳಿದ ಬಹುಪಾಲು ಮನೆಗಳಿಗೆ ಚಿಕಿತ್ಸೆ ಬೇಕಿಲ್ಲ, ಊಟದ ಹೊತ್ತಿಗೆ ಎಲ್ಲರ ಫೋನನ್ನೂ ಬೇರೆ ಕೋಣೆಯಲ್ಲಿಡುವಷ್ಟು ಒಮ್ಮತ ಸಾಕು.

ಆದರೆ ನಗರದ ದುಡಿಯುವವರ ಪಾಲಿಗೆ ಕರಾರು ಮನೆಯೊಳಗೇ ಮುಗಿಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಸಂದೇಶಕ್ಕೆ ಉತ್ತರಿಸದಿದ್ದರೆ ಮರುದಿನ ಕಾರಣ ಹೇಳಬೇಕಾಗುತ್ತದೆ. ಫ್ರಾನ್ಸ್‌ನಲ್ಲಿ 2017ರಿಂದ, 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಕೆಲಸದ ವೇಳೆಯಾಚೆಗಿನ ಇಮೇಲ್, ಕರೆಗಳ ಬಗ್ಗೆ ನೌಕರರೊಂದಿಗೆ ಮಾತುಕತೆ ನಡೆಸುವುದು ಕಡ್ಡಾಯ. ಭಾರತದಲ್ಲಿ ಕೆಲಸದ ವೇಳೆಯಾಚೆ ಉತ್ತರಿಸದಿರುವ ಹಕ್ಕಿಗಾಗಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದರು. ಅದು ಕಾಯ್ದೆಯಾಗಲಿಲ್ಲ.