ಹಳೆಯ ಹಾಯಿಗಳನ್ನು ಒಗೆಯಬೇಕೆ?

ಕೊಳೆಯೆಂದರೇನು? ಈ ಪ್ರಶ್ನೆಯನ್ನು ಕೇಳಿ ಓದುಗರು ನಗಬಹುದು. ಕೊಳೆಯನ್ನು ಕಾಣದವರು ಯಾರು, ಅದನ್ನು ತೊಳೆಯದ ಮನೆ ಯಾವುದು? ಆದರೆ ಹಳೆಯದೊಂದು ವಸ್ತುವನ್ನು ಮುಂದಿನ ತಲೆಮಾರಿಗೆ ಉಳಿಸಿಕೊಡಬೇಕೆಂದು ಹೊರಟವರಿಗೆ ಈ ಸರಳ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದಾಗಿ ಪರಿಣಮಿಸುತ್ತದೆ. ಕಣ್ಣಿಗೆ ಕೊಳೆಯಾಗಿ ತೋರುವುದೆಲ್ಲವೂ ವಸ್ತುವಿಗೆ ಕೇಡಲ್ಲ. ಕೇಡು ಮಾಡುವುದೆಲ್ಲವೂ ಕಣ್ಣಿಗೆ ತೋರುವುದಿಲ್ಲ. ಹಾಯಿಹಡಗುಗಳ ಹಳೆಯ ಹಾಯಿಗಳು ಈ ಮಾತಿಗೆ ಅತ್ಯುತ್ತಮ ನಿದರ್ಶನಗಳು.

ಹಡಗಿನ ಒಡಲು ಶತಮಾನಗಳ ಕಾಲ ಉಳಿಯಬಹುದು. ಅದನ್ನು ಓಡಿಸಿದ ಹಾಯಿ ಉಳಿಯುವುದು ಬಲು ಅಪರೂಪ. ಬಿಸಿಲು, ಮಳೆ, ಉಪ್ಪುಗಾಳಿಗಳಿಗೆ ಮೈಯೊಡ್ಡಿದ ಬಟ್ಟೆ ಹರಿದು ಚಿಂದಿಯಾಗುತ್ತದೆ. ಚಿಂದಿಯಾದುದನ್ನು ಯಾರೂ ಕೂಡಿಡುವುದಿಲ್ಲ. ಈ ನಿಯಮಕ್ಕೆ ಅಪವಾದಗಳಾದ ಎರಡನ್ನು ಇಲ್ಲಿ ನೆನೆಯಬಹುದು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಭೂಶಿರದ ಬಳಿ ನಡೆದ ಕದನದಲ್ಲಿ ನೆಲ್ಸನ್ನನಿದ್ದ 'ವಿಕ್ಟರಿ' ಹಡಗಿನ ಮುಂದಿನ ಕೂವೆಕಂಬದ ಮೇಲ್ಹಾಯಿ ಇಂದಿಗೂ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ರಕ್ಷಿತವಾಗಿದೆ. ಅಗಸೆ ನಾರಿನಿಂದ ನೇಯ್ದ ಆ ಪಟದ ವಿಸ್ತಾರ ಸುಮಾರು 336 ಚದರ ಮೀಟರ್. ಗುಂಡುಗಳು ತೂರಿಹೋದ ಸುಮಾರು 90 ತೂತುಗಳು ಅದರ ಮೈಮೇಲಿವೆ. ಇನ್ನೊಂದು, ಸ್ವೀಡನ್ನಿನ 'ವಾಸಾ' ಎಂಬ ಯುದ್ಧನೌಕೆಯದು. 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಆ ನೌಕೆಯನ್ನು 333 ವರ್ಷಗಳ ತರುವಾಯ, 1961ರಲ್ಲಿ ಮೇಲೆತ್ತಲಾಯಿತು. ಹಾಯಿಗಳನ್ನಿಡುವ ಕೋಣೆಯಲ್ಲಿ ಆರು ಹಾಯಿಗಳು ಮಡಿಸಿಟ್ಟಂತೆಯೇ ಸಿಕ್ಕವು.

ಇಂತಹ ವಸ್ತು ಕೈಗೆ ಬಂದಾಗ ಮೊದಲು ಹುಟ್ಟುವ ಆಸೆ, ಅದನ್ನು ತೊಳೆದು ಬೆಳ್ಳಗೆ ಮಾಡಬೇಕೆಂಬುದು. ಈ ಆಸೆ ಸಹಜವಾದುದು. ಆದರೆ ವಿವೇಕದ್ದಲ್ಲವೆಂದು ನಾವು ಹೇಳಬಯಸುತ್ತೇವೆ. ಹಾಗೆಂದು ಕೊಳೆಯನ್ನೆಲ್ಲ ಇತಿಹಾಸದ ಸಾಕ್ಷ್ಯವೆಂದು ಪೂಜಿಸುತ್ತ ಕೂಡುವುದೂ ನಮಗೆ ಒಪ್ಪಿಗೆಯಲ್ಲ. ಎರಡೂ ಅತಿಗಳೇ. ಸರಿಯಾದ ದಾರಿ ಯಾವುದೆಂಬುದನ್ನು ಕೊಳೆಯ ಭೌತ ಲಕ್ಷಣಗಳೇ ತಿಳಿಸಿಕೊಡುತ್ತವೆ.

ಹಾಯಿಯ ಮೇಲಿನ ಕೊಳೆಯನ್ನು ಮುಖ್ಯವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು: ಧೂಳು, ಉಪ್ಪು, ಬೂಷ್ಟು, ತುಕ್ಕು. ಇವುಗಳಲ್ಲಿ ಕಣ್ಣಿಗೆ ಅತ್ಯಂತ ಕಡಿಮೆ ಕಾಣುವ ಉಪ್ಪೇ ಮಹಾ ಕಪಟಿ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿಯಲ್ಲಿ ನೀರೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ನೂರಕ್ಕೆ 75ನ್ನು ಮೀರಿದರೆ ಶುದ್ಧವಾದ ಅಡಿಗೆ ಉಪ್ಪು ಗಾಳಿಯ ತೇವವನ್ನು ಹೀರಿ ತಾನೇ ಕರಗತೊಡಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗಾದರೋ ನೂರಕ್ಕೆ 33ರಷ್ಟು ಆರ್ದ್ರತೆಯೇ ಸಾಕು. ಹೀಗಾಗಿ ಕಡಲನೀರು ಕುಡಿದ ಹಾಯಿ ಕರಾವಳಿಯ ಗಾಳಿಯಲ್ಲಿ ನಿಜವಾಗಿ ಒಣಗುವುದೇ ಇಲ್ಲ. ಹಗಲು ಬಿಸಿಲಿಗೆ ಉಪ್ಪು ಹರಳುಗಟ್ಟುತ್ತದೆ. ರಾತ್ರಿಯ ತಂಪಿಗೆ ಮತ್ತೆ ಕರಗುತ್ತದೆ. ನಾರು ಒಮ್ಮೆ ಉಬ್ಬುತ್ತದೆ, ಒಮ್ಮೆ ಕುಗ್ಗುತ್ತದೆ. ಹರಳುಗಳ ಮೊನಚಾದ ಅಂಚುಗಳು ಬಟ್ಟೆ ಮಡಿಸಿದಾಗಲೆಲ್ಲ ನಾರನ್ನು ಉಜ್ಜುತ್ತವೆ. ಬೂಷ್ಟಿಗೆ ಬೇಕಾದ ತೇವವನ್ನು ಒದಗಿಸುವುದೂ, ಕಬ್ಬಿಣದ ಬಳೆಗಳನ್ನು ತುಕ್ಕು ಹಿಡಿಸುವುದೂ ಈ ಉಪ್ಪಿನ ಕೆಲಸವೇ. ಇಷ್ಟೆಲ್ಲ ಮಾಡಿಯೂ ಅದು ಬೆಳ್ಳಗೆಯೇ ಇರುತ್ತದೆ! ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಇದಕ್ಕೆ ವಿರುದ್ಧವಾದ ಉದಾಹರಣೆಯೊಂದನ್ನು ನೋಡೋಣ. ನಾವು ತಾಂಬೂಲಕ್ಕೆ ಬಳಸುವ ಕಾಚು, ಕಗ್ಗಲಿ ಮರದ ಚೇಗನ್ನು ಕುದಿಸಿ ತೆಗೆದ ಸತ್ವ. ಭಾರತ, ಬರ್ಮಾಗಳಿಂದ ಹೋಗುತ್ತಿದ್ದ ಈ ಕಾಚನ್ನೇ ಇಂಗ್ಲೆಂಡಿನ ಮೀನುಗಾರರು ನೀರಿನಲ್ಲಿ ಕುದಿಸಿ, ತಮ್ಮ ಹಾಯಿಗಳನ್ನೂ ಬಲೆಗಳನ್ನೂ ಅದರಲ್ಲಿ ಅದ್ದುತ್ತಿದ್ದರು. ಅದರೊಳಗಿನ ಟ್ಯಾನಿನ್ ಬೂಷ್ಟನ್ನೂ ಕೊಳೆಯಿಸುವ ಸೂಕ್ಷ್ಮಜೀವಿಗಳನ್ನೂ ದೂರವಿಡುತ್ತಿತ್ತು. ಥೇಮ್ಸ್ ನದಿಯ ಸರಕುದೋಣಿಗಳ ಹಾಯಿಗಳಿಗೆ ಕೆಮ್ಮಣ್ಣು, ಮೀನೆಣ್ಣೆ, ಕಡಲನೀರುಗಳನ್ನು ಕಲಸಿ ಬಳಿಯುವ ವಾಡಿಕೆಯಿತ್ತು. ಹಾಯಿಗಳು ಕಡುಗೆಂಪಾಗಿ, ಜಿಡ್ಡುಜಿಡ್ಡಾಗಿ, ಮೀನಿನ ವಾಸನೆಯಿಂದ ಕೂಡಿರುತ್ತಿದ್ದವು. ಅರಿಯದವನೊಬ್ಬನು ಅಂತಹ ಹಾಯಿಯನ್ನು ಕಂಡು, ಸಾಬೂನು ಹಚ್ಚಿ ತಿಕ್ಕಿದನೆನ್ನೋಣ. ಅವನು ಕಳೆದದ್ದು ಕೊಳೆಯನ್ನಲ್ಲ, ಹಾಯಿಯ ಕವಚವನ್ನು. ಇಲ್ಲಿ ಕೊಳಕಾಗಿ ಕಂಡದ್ದೇ ಬಟ್ಟೆಯನ್ನು ಕಾಯುತ್ತಿದ್ದಿತು.

ಇನ್ನು ತೊಳೆಯುವ ಕ್ರಿಯೆಯನ್ನೇ ಪರಿಶೀಲಿಸೋಣ. ಹೊಸ ಅಗಸೆ ಅಥವಾ ಹತ್ತಿಯ ನಾರು ಒದ್ದೆಯಾದಾಗ ಹೆಚ್ಚು ಗಟ್ಟಿಯಾಗುತ್ತದೆ. ನಾವಿಕರಿಗೆ ಇದು ಅನುಭವದಿಂದಲೇ ಗೊತ್ತಿತ್ತು. ಆದರೆ ಮುದಿಯಾದ ನಾರಿನ ವಿಷಯದಲ್ಲಿ ಇದನ್ನು ನಂಬುವಂತಿಲ್ಲ. ನಾರು ಸೆಲ್ಯುಲೋಸ್ ಎಂಬ ಉದ್ದನೆಯ ಅಣುಸರಪಳಿಗಳಿಂದಾದುದು. ಬೆಳಕು, ಆಮ್ಲ, ಆಮ್ಲಜನಕಗಳು ಆ ಸರಪಳಿಗಳನ್ನು ವರ್ಷವರ್ಷಕ್ಕೂ ತುಂಡರಿಸುತ್ತಿರುತ್ತವೆ. ತುಂಡುಗಳು ಗಿಡ್ಡವಾದಷ್ಟೂ ಅವುಗಳ ಹಿಡಿತ ಸಡಿಲವಾಗುತ್ತದೆ. ನೀರು ನಡುವೆ ನುಸುಳಿದರೆ ಇದ್ದ ಹಿಡಿತವೂ ತಪ್ಪೀತು. ನಾರು ಅಡ್ಡಕ್ಕೆ ಉಬ್ಬಿದಾಗ ಹಾಸು ಹೊಕ್ಕುಗಳೆರಡೂ ಸೆಳೆದುಕೊಂಡು ಬಟ್ಟೆ ಕುಗ್ಗುತ್ತದೆ. ಹಳೆಯ ಹೊಲಿಗೆ ಆ ಸೆಳೆತವನ್ನು ತಾಳಲಾರದು.

ನೀರಿನ ಭಾರವನ್ನೂ ಲೆಕ್ಕ ಹಾಕಬೇಕು. ಒಂದು ಚದರ ಮೀಟರ್ ಬಟ್ಟೆಯ ಮೇಲೆ ಒಂದು ಮಿಲಿಮೀಟರ್ ದಪ್ಪದ ನೀರು ನಿಂತರೆ ಅದರ ತೂಕ ಒಂದು ಕಿಲೋಗ್ರಾಂ. ವಿಕ್ಟರಿಯ ಹಾಯಿಯಷ್ಟು ವಿಸ್ತಾರದ ಬಟ್ಟೆಯ ಮೇಲೆ ಅಷ್ಟೇ ನೀರು ನಿಂತರೂ 336 ಕಿಲೋಗ್ರಾಂ ಆಯಿತು. ಅಂತಹುದನ್ನು ತುದಿ ಹಿಡಿದೆತ್ತಿ ಹಗ್ಗಕ್ಕೆ ಹಾಕುವವನು, ಫಿರಂಗಿಯ ಗುಂಡುಗಳು ಉಳಿಸಿಹೋದುದನ್ನು ತಾನೇ ಹರಿದುಹಾಕಿದಂತೆ. ಹಾಗಿದ್ದರೆ ಕಲೆಯಿರುವ ಜಾಗವನ್ನಷ್ಟೇ ಒದ್ದೆ ಮಾಡಿ ಒರಸಿದರಾಗದೆ? ಅದೂ ಅಪಾಯವೇ. ಕೇಶಾಕರ್ಷಣದಿಂದ ಹರಡಿದ ನೀರು ತನ್ನೊಡನೆ ಕರಗಿದ ಕಲ್ಮಷವನ್ನೆಲ್ಲ ಒಯ್ದು, ಒದ್ದೆಗೂ ಒಣಗಿದ್ದಕ್ಕೂ ನಡುವಿನ ಗಡಿಯಲ್ಲಿ ಕಂದುಬಣ್ಣದ ಬಳೆಯಾಗಿ ಬಿಟ್ಟುಹೋಗುತ್ತದೆ. ಒಂದು ಕಲೆಯನ್ನು ತೆಗೆಯಹೋಗಿ ಇನ್ನೊಂದನ್ನು ಬರೆದಂತಾಗುತ್ತದೆ.

ಬ್ಲೀಚಿಂಗ್ ಪುಡಿಯ ಮಾತಂತೂ ಬೇಡವೇ ಬೇಡ. ಅದು ಬಣ್ಣದ ಅಣುಗಳನ್ನು ಒಡೆಯುವಂತೆಯೇ ಸೆಲ್ಯುಲೋಸಿನ ಸರಪಳಿಯನ್ನೂ ಒಡೆಯುತ್ತದೆ. ಬಟ್ಟೆ ಬೆಳ್ಳಗಾದ ಮಟ್ಟಿಗೆ ಅದರ ಆಯುಷ್ಯ ಕುಗ್ಗಿತೆಂದೇ ತಿಳಿಯಬೇಕು. ಅಲ್ಲದೆ ಹಳೆಯ ಬಟ್ಟೆಯ ಹಳದಿಬಣ್ಣ ಬಹುಮಟ್ಟಿಗೆ ಹೊರಗಿನಿಂದ ಬಂದು ಅಂಟಿದುದಲ್ಲ. ನಾರೇ ಮಾರ್ಪಟ್ಟುದರ ಗುರುತು. ನರೆತ ಕೂದಲನ್ನು ತೊಳೆದು ಕಪ್ಪಾಗಿಸಲು ಸಾಧ್ಯವೆ?

ಇಷ್ಟಾದರೂ, ತೊಳೆಯಬೇಕೆನ್ನುವವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಮುದಿಯಾದ ಸೆಲ್ಯುಲೋಸಿನಲ್ಲಿ ಹುಟ್ಟುವ ಆಮ್ಲಗಳಲ್ಲಿ ಹಲವು ನೀರಿನಲ್ಲಿ ಕರಗತಕ್ಕವು; ಅವುಗಳನ್ನು ತೆಗೆದರೆ ಮುಂದಿನ ಕೇಡು ನಿಧಾನವಾಗುತ್ತದೆ. ಉಪ್ಪನ್ನು ಕಳೆಯಲು ನೀರಿಗಿಂತ ಉತ್ತಮವಾದುದಿಲ್ಲ. ಗಟ್ಟಿಯಾದ ನಾರು, ಹೆಚ್ಚಾದ ಉಪ್ಪು, ಸಾಕಷ್ಟು ದೊಡ್ಡ ತೊಟ್ಟಿ, ತಿಳಿದ ಕೈಗಳು, ಇಷ್ಟೂ ಕೂಡಿ ಬಂದರೆ ತೊಳೆಯುವುದೇ ಧರ್ಮ. ವಾಸಾ ಹಾಯಿಗಳನ್ನು ನೀರಿನಲ್ಲಿಯೇ ಬಿಡಿಸಿ ಶುದ್ಧಗೊಳಿಸಿದರು. ಏಕೆಂದರೆ ತಮ್ಮ ಭಾರವನ್ನು ತಾವೇ ಹೊರಲಾರದಷ್ಟು ಜೀರ್ಣವಾಗಿದ್ದ ಅವುಗಳಿಗೆ ನೀರೇ ಆಸರೆಯಾಗಿದ್ದಿತು. ಬಳಿಕ ಆಲ್ಕೊಹಾಲ್, ಕ್ಸೈಲೀನ್‌ಗಳಿಂದ ನೀರನ್ನು ಹೊರದೂಡಿ, ಗಾಜಿನ ಎಳೆಗಳ ಬಟ್ಟೆಯ ಮೇಲೆ ಅಂಟಿಸಿದರು. ಅಂಟಿನ ಆಯ್ಕೆಯಲ್ಲಿ ಸೊಗಸಾದ ಯುಕ್ತಿಯೊಂದಿದೆ. ಪೈರೆಕ್ಸ್ ಗಾಜಿನ ಕಡ್ಡಿಯನ್ನು ಗ್ಲಿಸರಿನ್‌ನಲ್ಲಿ ಮುಳುಗಿಸಿದರೆ ಅದು ಕಣ್ಮರೆಯಾಗುವುದನ್ನು ನಾವು ತರಗತಿಗಳಲ್ಲಿ ತೋರಿಸುವುದುಂಟು. ಎರಡರ ವಕ್ರೀಭವನಾಂಕವೂ ಹೆಚ್ಚುಕಡಿಮೆ ಒಂದೇ ಆದುದರಿಂದ ಅವುಗಳ ಗಡಿಯಲ್ಲಿ ಬೆಳಕು ಬಾಗುವುದೂ ಇಲ್ಲ, ಪ್ರತಿಫಲಿಸುವುದೂ ಇಲ್ಲ. ಅದೇ ತತ್ವದಿಂದ ಗಾಜಿನ ಎಳೆಗೆ ಸರಿಹೊಂದುವ ವಕ್ರೀಭವನಾಂಕದ ಅಂಟನ್ನು ಬಳಸಿ, ಆಸರೆಯ ಬಟ್ಟೆ ಪಾರದರ್ಶಕವಾಗುವಂತೆ ಮಾಡಿದರು. ನೋಡುವವರಿಗೆ ಕಾಣುವುದು ಹದಿನೇಳನೆಯ ಶತಮಾನದ ನೂಲು ಮಾತ್ರ. ಹಾಯಿಗಳು ಬೆಳ್ಳಗಾಗಲಿಲ್ಲ, ಆದರೆ ಉಳಿದುವು.

ಈಗ ಓಡಾಡುತ್ತಿರುವ ವಿಹಾರನೌಕೆಗಳ ಹಾಯಿಗಳಿಗೂ ಈ ವಿಚಾರ ಅನ್ವಯಿಸುತ್ತದೆ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಕಂಡುಹಿಡಿದ ಪಾಲಿಯೆಸ್ಟರ್ ನಾರು, ಟೆರಿಲೀನ್, ಡೆಕ್ರಾನ್ ಎಂಬ ಹೆಸರುಗಳಿಂದ ಬಂದು ಹತ್ತಿಯ ಹಾಯಿಯನ್ನು ಬದಿಗೊತ್ತಿತು. ಅದು ಕೊಳೆಯುವುದಿಲ್ಲ, ನೀರನ್ನು ಬಹಳ ಹೀರುವುದೂ ಇಲ್ಲ. ಬೂಷ್ಟು ಬೆಳೆಯುವುದು ಅದರ ಮೇಲಿನ ಕೊಳೆಯನ್ನು ತಿಂದು. ಆದರೆ ಹಾಯಿ ಓರೆಯಾಗಿ ಹಿಗ್ಗದಂತೆ ಎಳೆಗಳ ನಡುವೆ ರಾಳವನ್ನು ತುಂಬಿರುತ್ತಾರೆ. ಒಗೆಯುವ ಯಂತ್ರದಲ್ಲಿ ಹಾಕಿ ತಿರುವಿದರೆ ಆ ರಾಳ ಬಿರುಕುಬಿಟ್ಟು, ಹಾಯಿ ತನ್ನ ಆಕಾರವನ್ನೇ ಕಳೆದುಕೊಳ್ಳುತ್ತದೆ. ಸಿಹಿನೀರು, ಸೌಮ್ಯವಾದ ಸಾಬೂನು, ಮೆದುವಾದ ಕುಂಚ, ನೆರಳಿನಲ್ಲಿ ಒಣಗಿಸುವಿಕೆ, ಇಷ್ಟು ಸಾಕು. ನೈಲಾನ್, ಕೆವ್ಲಾರ್ ಹಾಯಿಗಳಿಗಂತೂ ಬ್ಲೀಚಿಂಗ್ ದ್ರವ ತಗುಲಲೇಬಾರದು. ಬಿಸಿಲಿನ ಅತಿನೇರಳೆ ಕಿರಣಗಳಿಂದಾದ ನಷ್ಟವನ್ನು ಯಾವ ತೊಳೆತವೂ ತುಂಬಿಕೊಡದು.

ಹೀಗಿರಲು ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಹಳೆಯ ಹಾಯಿಯನ್ನು ಮುಟ್ಟುವ ಮೊದಲು ಅದರ ನಾರು ಯಾವುದು, ಎಷ್ಟು ಗಟ್ಟಿಯಾಗಿದೆಯೆಂಬುದನ್ನು ಸೂಕ್ಷ್ಮದರ್ಶಕದಿಂದಲೂ ಉದುರಿದ ಎಳೆಗಳ ಪರೀಕ್ಷೆಯಿಂದಲೂ ತಿಳಿಯಬೇಕು. ಉಪ್ಪು ಎಷ್ಟಿದೆಯೆಂದು ಊಹಿಸಬೇಕಾಗಿಲ್ಲ. ಅಂತಹ ಎಳೆಗಳನ್ನೇ ಶುದ್ಧ ನೀರಿನಲ್ಲಿ ನೆನೆಯಿಸಿ, ಆ ನೀರಿನ ವಿದ್ಯುದ್ವಾಹಕತೆಯನ್ನು ಅಳೆದರೆ ಉತ್ತರ ಸಿಗುತ್ತದೆ. ಧೂಳನ್ನು ಮೊದಲು ಒಣಗಿದಂತೆಯೇ, ಬಲೆಯ ಮರೆಯಿಟ್ಟು, ಮೆಲ್ಲನೆ ಹೀರಿ ತೆಗೆಯಬೇಕು. ಆ ಧೂಳನ್ನೂ ಒಂದು ಸೀಸೆಯಲ್ಲಿ ಮೊಹರು ಮಾಡಿಡಬೇಕು. ಇಂದು ನಮಗೆ ಓದಲು ಬಾರದುದನ್ನು ನಾಳಿನವರು ಅದರಲ್ಲಿ ಓದಬಹುದು. ಇಷ್ಟಾದ ಮೇಲೂ ಉಪ್ಪೋ ಆಮ್ಲವೋ ನಾರನ್ನು ತಿನ್ನುತ್ತಿದೆಯೆಂದು ಅಳತೆಗಳು ಹೇಳಿದರೆ ಆಗ ಮಾತ್ರ ನೀರಿನ ಮಾತು.

ಈ ವಿಧಾನ ಮೆಲ್ಲನೆಯದು, ವೆಚ್ಚದ್ದು. 'ಮೊದಲು ಹೀಗಿತ್ತು, ಈಗ ಹೀಗಾಯಿತು' ಎಂದು ಚಿತ್ರ ತೆಗೆದು ತೋರಿಸಲು ಒದಗದು. ವಸ್ತುಸಂಗ್ರಹಾಲಯಕ್ಕೆ ಬರುವ ನಾವೆಲ್ಲರೂ ಹೊಳಪನ್ನೇ ಬಯಸುವವರೆಗೆ, ಅಲ್ಲಿನವರು ತಿಕ್ಕಿ ತೊಳೆಯುತ್ತಲೇ ಇರುತ್ತಾರೆ. ಆದುದರಿಂದ ಬದಲಾಗಬೇಕಾದುದು ನೋಡುವವರ ಕಣ್ಣು ಕೂಡ. ಮಾಡದೆ ಬಿಟ್ಟ ಕೆಲಸವನ್ನು ನಾಳೆ ಮಾಡಬಹುದು. ತೊಳೆದು ಕಳೆದುದನ್ನು ಮರಳಿ ತರಲು ಯಾವ ವಿಜ್ಞಾನಕ್ಕೂ ಸಾಧ್ಯವಿಲ್ಲ. ಹಾಯಿಯೊಂದು ಮಾಸಿದ್ದರೆ ಅದು ಕಡಲನ್ನು ಕಂಡಿದೆಯೆಂದು ಅರ್ಥ. ಅದಕ್ಕೆ ಕೇಡು ಮಾಡುವುದನ್ನು ಕಳೆಯುವುದು ನಮ್ಮ ಕರ್ತವ್ಯ. ಅದರ ಅನುಭವವನ್ನು ಅಳಿಸುವುದು ನಮ್ಮ ಅಧಿಕಾರವಲ್ಲ.